ಪುನರ್ವಸುವಿನ ಹನ್ನೊಂದು ದಿನ

ನಮ್ಮ ಮನೆಯ ಮಳೆ ಲೆಕ್ಕವನ್ನು ಬೆಳಗೋಡಿನ ಸುತ್ತಮುತ್ತ ಎಲ್ಲರೂ ನಮ್ಮ ಮಾವನವರ ಹೆಸರಿನಲ್ಲೇ ಕರೆಯುತ್ತಾರೆ. ಶುರು ಮಾಡಿದವರು ಅವರೇ, ಅದರಲ್ಲಿ ಸುಳ್ಳಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಸಣ್ಣ ಕಟ್ಟೆ ಕಟ್ಟಿಸಿ, ಮಳೆ ಅಳೆಯುವ ಡಬ್ಬ ಇಡಿಸಿ, ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗೀಟು ಹಾಕಿದ ಗಾಜಿನ ಕೊಳವೆಗೆ ಬಗ್ಗಿಸಿ, ಇಷ್ಟು ಇಂಚು ಇಷ್ಟು ಸೆಂಟ್ಸ್ ಎಂದು ಬರೆದಿಡುತ್ತಿದ್ದರು. ಇಂಚಿನ ನೂರನೇ ಒಂದು ಪಾಲಿಗೆ ನಮ್ಮಲ್ಲಿ ಸೆಂಟ್ಸ್ ಅನ್ನುತ್ತಾರೆ. ನಾನು ಸೊಸೆಯಾಗಿ ಬಂದ ಮೂರನೇ ವರ್ಷಕ್ಕೆ ಅವರ ಕಣ್ಣಿಗೆ ಆ ಗೀಟುಗಳು ಕಾಣದಾದವು. "ನೀನೊಂಚೂರು ನೋಡಿ ಹೇಳಮ್ಮ" ಅಂದರು. ಮೊದಮೊದಲು ನೋಡಿ ಹೇಳಿದೆ. ಆಮೇಲೆ ನೋಡಿ ನಾನೇ ಬರೆದೆ. ಕೊನೆಕೊನೆಗೆ ಅವರು ಕಣದ ಕಡೆಗೆ ಬರುವುದನ್ನೂ ಬಿಟ್ಟರು.

ಅದೇ ಸುಮಾರಿಗೆ ಎಸ್ಟೇಟ್ ಆಫೀಸಿಗೆ ಒಂದು ಕಂಪ್ಯೂಟರ್ ಬಂತು. ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಇಲ್ಲ, ಚಿತ್ರ ಇಲ್ಲ. ಏನು ಬೇಕಾದರೂ ಅಕ್ಷರ ಕುಟ್ಟಿಯೇ ಕೇಳಬೇಕು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಅದರ ಹತ್ತಿರ ಹೋಗಲು ಹೆದರಿದರು. ನಾನು ಮದುವೆಗೆ ಮುಂಚೆ ಟೈಪಿಂಗ್ ಕಲಿತಿದ್ದೆ. ತಂದುಕೊಟ್ಟವರು ಕನ್ನಡ ಬರೆಯುವ ಪ್ರೋಗ್ರಾಮನ್ನೂ ಹಾಕಿಕೊಟ್ಟಿದ್ದರು. ಹೀಗೆ ಮಳೆ ಲೆಕ್ಕ ಪುಸ್ತಕದಿಂದ ಆ ಪೆಟ್ಟಿಗೆಗೆ ಹೋಯಿತು. ಹದಿನಾರು ವರ್ಷ ಅದರಲ್ಲೇ ಬರೆದೆ. ಅದು ಕೆಟ್ಟು ನಿಂತ ಮೇಲಿನದ್ದು ನೋಟ್ ಪುಸ್ತಕಗಳಲ್ಲಿದೆ.

ಫೈಲುಗಳಿಗೆ ನಾನು ಮಳೆ ನಕ್ಷತ್ರಗಳ ಹೆಸರೇ ಇಟ್ಟಿದ್ದೆ. ನಮ್ಮಲ್ಲಿ ಜುಲೈ ಎಂಟು ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಪುನರ್ವಸುವಿನ ಮೂರನೇ ದಿನ ಅಂದರೆ ಗದ್ದೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಅನ್ನುವುದೂ ನೆನಪಾಗುತ್ತದೆ. ವರ್ಷಕ್ಕೊಂದು ಫೋಲ್ಡರ್, ಅದರಲ್ಲಿ ಇಪ್ಪತ್ತೇಳು ನಕ್ಷತ್ರಕ್ಕೆ ಇಪ್ಪತ್ತೇಳು ಫೈಲು. ಆ ಕಂಪ್ಯೂಟರಿಗೆ ಎಂಟು ಇಂಗ್ಲಿಷ್ ಅಕ್ಷರಕ್ಕಿಂತ ಉದ್ದದ ಹೆಸರು ಹಿಡಿಸುತ್ತಿರಲಿಲ್ಲ. ಪುನರ್ವಸುವಿನ ಬಾಲ ಉದುರಿ ಬರೀ ‘ಪುನರ್ವಸ್’ ಆಯಿತು, ಮೃಗಶಿರ ‘ಮೃಗಶಿ’ ಆಯಿತು. ಒಳಗೆ ನಾಲ್ಕು ಕಾಲಮ್ಮು: ದಿನ, ಇಂಚು, ಸೆಂಟ್ಸ್, ಷರಾ. ಮಾವನವರ ಪುಸ್ತಕದಲ್ಲಿ ಷರಾ ಯಾವತ್ತೂ ಖಾಲಿ. ನಾನು ಖಾಲಿ ಬಿಡಲಿಲ್ಲ. ‘ಹೂಮಳೆ. ಅಡುಗೆಮನೆ ತನಕ ಕಾಫಿ ಹೂವಿನ ಘಮ.’ ‘ಗುಡುಗಿದ್ದಷ್ಟೂ ಬರೀ ಬಾಯಿ.’ ‘ಹಳ್ಳ ತುಂಬಿ ಲೈನಿನ ಆಳುಗಳು ಬರಲಿಲ್ಲ.’ ‘ಸೌದೆ ಒದ್ದೆ. ಊಟ ಮೂರು ಗಂಟೆಗೆ.’ ಮಳೆ ಲೆಕ್ಕದಲ್ಲಿ ಊಟದ ಹೊತ್ತು ಯಾಕೆ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಅಂಕಿ ಬಿಟ್ಟು ಬೇರೇನನ್ನೂ ಯಾರೂ ಓದುತ್ತಿರಲಿಲ್ಲ.

ಮಾವ ತೀರಿಕೊಂಡು ವರ್ಷಗಳಾದವು. ಹೋದ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಭಾವ ಬಂದರು. ನಮ್ಮ ಮನೆಯವರ ಅಣ್ಣ ಅವರು. ಸಕಲೇಶಪುರ ಪೇಟೆಯಲ್ಲಿ ಮನೆ, ಬೆಳೆಗಾರರ ಸಂಘದಲ್ಲಿ ಓಡಾಟ.

"ಅಪ್ಪನ ಮಳೆ ಲೆಕ್ಕಾನ ಸಂಘದಿಂದ ಪುಸ್ತಕ ಮಾಡಿಸ್ತಾ ಇದೀವಿ ಕಣಮ್ಮ" ಅಂದರು. "ನೋಟ್ ಬುಕ್ಕು ಕೊಡು. ಆ ಹಳೇ ಕಂಪ್ಯೂಟರಲ್ಲಿ ಇರೋದ್ನೂ ಹೆಂಗಾದ್ರೂ ತೆಗ್ಸಿಕೊಡು."

"ಕೊಡ್ತೀನಿ ಭಾವ. ಅಳೆದೋರು ಯಾರು ಅಂತ ಒಂದು ಸಾಲು ಹಾಕ್ಸಿ."

ಭಾವ ಲೋಟ ಕೆಳಗಿಟ್ಟು ನಕ್ಕರು. "ಮದ್ವೆ ಕಾಗ್ದದಲ್ಲಿ ಅಡುಗೆಯೋರ ಹೆಸ್ರು ಹಾಕ್ತಾರೇನಮ್ಮ?"

"ಹೆಣ್ಣಿನ ಹೆಸ್ರಾದ್ರೂ ಹಾಕ್ತಾರಲ್ಲ ಭಾವ."

"ಅಲ್ಲ ಕಣಮ್ಮ, ಅಪ್ಪ ಹೇಳೋರು, ನೀನು ಕುಟ್ಟೋಳು. ಅಷ್ಟೇ ಅಲ್ವಾ? ಬೇರೆ ಏನಾದ್ರೂ ಐತೆ ಅಂದ್ರೆ ತೋರ್ಸು. ಹಾಕ್ಸಾನ."

ನಮ್ಮ ಮನೆಯವರು ಅಲ್ಲೇ ಕೂತಿದ್ದರು. ಅವರಿಗೆ ಗೊತ್ತು. ಇಪ್ಪತ್ತೈದು ವರ್ಷ ನಾನು ಎಂಟೂವರೆಗೆ ಛತ್ರಿ ಹಿಡಿದು ಕಣಕ್ಕೆ ಹೋಗುವುದನ್ನು ಅವರು ತಿಂಡಿ ತಿನ್ನುತ್ತಾ ನೋಡಿದ್ದಾರೆ. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. ಅಣ್ಣ ಹೋದ ಮೇಲೆ, "ಒಂದು ಸಾಲಿಗೆ ಯಾಕೆ ರಾದ್ಧಾಂತ, ಬುಡು" ಅಂದರು. ಒಂದು ಸಾಲೇ ಆದರೆ ಹಾಕಿಸಲು ಅವರಿಗೇನು ಕಷ್ಟ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ತೋರಿಸು ಅಂದರಲ್ಲ, ತೋರಿಸಲು ನನ್ನ ಹತ್ತಿರ ಒಂದಿತ್ತು. ಒಂದು ವರ್ಷ ಪುನರ್ವಸು ಹುಟ್ಟಿದ ಎರಡನೇ ದಿನ ಬೆಳಿಗ್ಗೆ ನನ್ನ ತವರು ಕೆ. ಹೊಸಕೋಟೆಯಿಂದ ಫೋನ್ ಬಂದಿತ್ತು, ಅವ್ವ ಹೋದಳು ಅಂತ. ನಾನು ಬ್ಯಾಗಿಗೆ ಸೀರೆ ತುಂಬುತ್ತಿದ್ದೆ. ಮಾವ ಜಗಲಿಯಿಂದ, "ಎಂಟೂವರೆ ಆಯ್ತಾ ಬಂತು, ಅಳೆದೇ ಹೋಗಮ್ಮ, ಅಲ್ಲಿ ಏನು ಓಡಿ ಹೋಗ್ತದಾ" ಅಂದರು. ಅಳೆದೇ ಹೋದೆ. ಅಲ್ಲಿ ತಿಥಿ ಮುಗಿಸಿ ಬರುವವರೆಗೆ ಹನ್ನೊಂದು ದಿನ ನಮ್ಮ ಕಣದಲ್ಲಿ ಮಳೆ ಅಳೆದವರು ಯಾರೂ ಇಲ್ಲ. ಬಂದು ನೋಡಿದರೆ ಡಬ್ಬ ತುಂಬಿ ಹೊರಗೆ ಚೆಲ್ಲಿತ್ತು. ಹನ್ನೊಂದು ಸಾಲಿಗೂ ಅಡ್ಡಗೆರೆ ಎಳೆದು ಷರಾದಲ್ಲಿ ಬರೆದೆ: ‘ಅಳತೆ ಇಲ್ಲ. ಅವ್ವನ ಮನೆಯಲ್ಲಿದ್ದೆ.’ ಆ ತಿಂಗಳ ಲೆಕ್ಕದ ಅಚ್ಚುಪ್ರತಿಯನ್ನು ಮಾವ ರೈಟರ ಕೈಲಿ ಓದಿಸಿದಾಗ, "ಏನು, ಮಳೆಗೂ ಸೂತಕ ಹಿಡೀತಾ?" ಎಂದು ಅವರ ಮುಂದೆಯೇ ಕೇಳಿದ್ದರು. ಆ ಮಾತು ನನಗೆ ಮರೆತಿಲ್ಲ. ಈಗ ಅದೇ ಖಾಲಿ ಜಾಗ ನನ್ನ ಸಾಕ್ಷಿ. ಅಳೆಯುತ್ತಿದ್ದವರು ಮಾವನೇ ಆಗಿದ್ದರೆ ಆ ಹನ್ನೊಂದು ದಿನ ಯಾಕೆ ಖಾಲಿ?

ಅಟ್ಟದ ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದ ಪೆಟ್ಟಿಗೆಯನ್ನು ಇಳಿಸಿದೆ. ಸಕಲೇಶಪುರದಲ್ಲಿ ತೋರಿಸಿದರೆ ಭಾವನ ಕಿವಿಗೆ ಬೀಳುತ್ತದೆಂದು ಆಲೂರಿಗೆ ಒಯ್ದೆ. ಅಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕಿಕೊಡುವ ಒಂದು ಡಿ.ಟಿ.ಪಿ. ಅಂಗಡಿ ಇದೆ. ಅದರ ಯಜಮಾನರಿಗೆ ಅರವತ್ತರ ಹತ್ತಿರ. ಕಪ್ಪು ಪರದೆಯ ಕಾಲದಿಂದ ಇದೇ ಕೆಲಸ. ಪೆಟ್ಟಿಗೆಯ ಮೇಲೆ ಕೈಯಾಡಿಸಿ, "ಬೋ ದಿನಕ್ಕೆ ಸಿಕ್ಕಿದೆಯಲ್ಲೋ ಮಾರಾಯ" ಎಂದು ಅದರ ಜೊತೆಯೇ ಮಾತಾಡಿದರು.

ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ಹಳೆಯ ಹಾರ್ಡ್ ಡಿಸ್ಕನ್ನು ಪೂರಾ ಎತ್ತಿ ಒಂದೇ ಫೈಲು ಮಾಡಿ ನನ್ನ ಲ್ಯಾಪ್‌ಟಾಪಿಗೆ ಹಾಕಿದ್ದರು. ಒಂದು ಪ್ರೋಗ್ರಾಮ್ ತೆರೆದರೆ ಅದೇ ಕಪ್ಪು ಕಿಟಕಿ, ಅದೇ ಬಿಳಿ ಅಕ್ಷರ.

"ಇದ್ರೊಳಗೆ ನಿಮ್ಮ ಹಳೇ ಕಂಪ್ಯೂಟರನ್ನೇ ಕೂರ್ಸಿದೀನಿ ಕಣಕ್ಕ. ತಾನು ಸತ್ತಿರೋದು ಅದಕ್ಕೆ ಗೊತ್ತಿಲ್ಲ, ಹಂಗೇ ನಡ್ಕೊತದೆ."

"ಇದ್ರಲ್ಲಿ ಇರೋದು ಲ್ಯಾಪ್‌ಟಾಪಿಗೆ ಬರಲ್ವಾ?"

"ನೇರ ಬರಲ್ಲ. ಮಧ್ಯ ಒಂದು ಫೋಲ್ಡರ್ ಮಾಡಿ, ಅದನ್ನ ಹಳೇದ್ರ ಕಣ್ಣಿಗೆ ಡಿ ಡ್ರೈವ್ ಅಂತ ತೋರಿಸ್ಬೇಕು. ಎರಡು ಮನೆಗೂ ಸೇರಿದ ಜಗಲಿ ಅಂತ ಇಟ್ಕಳಿ. ಇತ್ಲಾಗಿಂದ ಇಡೋದು, ಅತ್ಲಾಗಿಂದ ಎತ್ಕೊಳೋದು."

ಹೇಗೆಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ‘ಮಳೆ’ ಎಂದು ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ, ಹಾಳೆಯಲ್ಲಿದ್ದ ಹಾಗೆ ಕುಟ್ಟಿದೆ. ಅಂಥ ಜಾಗವೇ ಇಲ್ಲ ಅಂದಿತು. ಮತ್ತೆ ಕುಟ್ಟಿದೆ. ಇಲ್ಲ. ಕಾಗುಣಿತ ನೋಡಿದೆ, ಕಾಗುಣಿತ ಸರಿ ಇತ್ತು. ಒಲೆಯ ಮೇಲೆ ಕಡುಬು ಬೇಯುವಷ್ಟು ಹೊತ್ತು ಹೀಗೆ ಕುಟ್ಟಿ, ಕೊನೆಗೆ ಅವರಿಗೇ ಫೋನ್ ಮಾಡಿದೆ.

"ಕನ್ನಡದಲ್ಲಿ ಹೆಸ್ರಿಟ್ಟಿದೀರಾ? ಅಯ್ಯೋ, ಅದಕ್ಕೆ ಓದಕ್ಕೆ ಬರಲ್ಲ ಕಣಕ್ಕ. ಇಂಗ್ಲಿಷ್ ಅಕ್ಷರದಲ್ಲಿ ಇಡಿ."

ಎಂ, ಎ, ಎಲ್, ಇ ಎಂದು ಮಳೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಡಿ ಡ್ರೈವ್ ತಕ್ಷಣ ಬಂತು. ಮುಂದಿನ ಸಲ ಅಂಗಡಿಗೆ ಹೋದಾಗ ಅವರು ಅದನ್ನು ನೋಡಿ ನಕ್ಕರು. "ಇಂಗ್ಲಿಷ್‌ನೋರು ಓದಿದ್ರೆ ಇದು ‘ಗಂಡಸು’ ಆಯ್ತದೆ."

"ಇರ್ಲಿ ಬಿಡಿ. ಆ ಹೆಸ್ರಿದ್ರೇನೇ ಬಾಗ್ಲು ತೆಗೀತದೇನೋ."

ಅವರು ಕನ್ನಡಕ ಹಣೆಗೆ ಏರಿಸಿ ನನ್ನ ಮುಖ ನೋಡಿದರು. ಮತ್ತೆ ನಗಲಿಲ್ಲ.

ಎರಡನೇ ತೊಂದರೆ ಬೇರೆ ಥರದ್ದು. ಲ್ಯಾಪ್‌ಟಾಪಿನ ಕಡೆಯಿಂದ ಜಗಲಿಗೆ ಒಂದು ಸಣ್ಣ ಫೈಲು ಇಟ್ಟು ನೋಡಿದೆ. ಹಳೆಯದರ ಕಣ್ಣಿಗೆ ಬೀಳಲಿಲ್ಲ. ಮುಚ್ಚಿ ತೆರೆದರೆ ಕಂಡಿತು. ಇನ್ನೊಂದು ಇಟ್ಟೆ, ಅದೂ ಕಾಣಲಿಲ್ಲ. ಆ ಹಳೆಯದು ಜಗಲಿಯನ್ನು ಒಂದು ಸಲ ಮಾತ್ರ ನೋಡುತ್ತದಂತೆ. ಆಗ ಏನಿತ್ತೋ ಅದನ್ನೇ ನೆನಪಿಟ್ಟುಕೊಂಡು, ಆಮೇಲೆ ಯಾರು ಏನು ತಂದಿಟ್ಟರೂ ಇಲ್ಲ ಅನ್ನುತ್ತದೆ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಮತ್ತೆ ನೋಡು’ ಎಂದು ಹೇಳಬೇಕು. ಯಂತ್ರಕ್ಕಾದರೆ ಎರಡು ಕೀಲಿ ಸಾಕು.

ಮೂರನೆಯದು ಮಾತ್ರ ಪೂರ್ತಿ ನನ್ನದೇ ತಪ್ಪು. ಹದಿನಾರು ವರ್ಷದ ಫೋಲ್ಡರುಗಳನ್ನೂ ಒಂದೊಂದಾಗಿ ತೆರೆದು, ಒಳಗಿದ್ದ ಫೈಲುಗಳನ್ನೆಲ್ಲ ಡಿ ಡ್ರೈವಿಗೆ ನಕಲು ಮಾಡಿದೆ. ಒಂದು ಬೆಳಗ್ಗೆ ಅದಕ್ಕೇ ಹೋಯಿತು. ಪ್ರತಿ ಸಲವೂ ‘ಇಪ್ಪತ್ತೇಳು ಫೈಲು ನಕಲಾಯಿತು’ ಎಂದು ಬರುತ್ತಿತ್ತು. ಖುಷಿಯಿಂದ ಭಾವನಿಗೆ ಫೋನ್ ಮಾಡಿದೆ. ಅದೊಂದು ಅವಸರ ಮಾಡಬಾರದಿತ್ತು. ಹೆಗ್ಗದ್ದೆ ಕಡೆ ಹೋಗಿದ್ದ ಅವರು ಹಿಂದಕ್ಕೆ ಹೋಗುವಾಗ ಜೀಪು ನಿಲ್ಲಿಸಿ ಒಳಗೆ ಬಂದರು. ನಾನು ಫೋಲ್ಡರ್ ತೆರೆದೆ. ಒಟ್ಟು ಇಪ್ಪತ್ತೇಳೇ ಫೈಲು ಇದ್ದವು.

ಪುನರ್ವಸು ವರ್ಷವರ್ಷವೂ ಬರುತ್ತದೆ. ಹದಿನಾರು ವರ್ಷಕ್ಕೂ ಅದರ ಹೆಸರು ಒಂದೇ. ಒಂದೇ ಜಗಲಿಯಲ್ಲಿ ಇಟ್ಟಾಗ ಪ್ರತಿ ವರ್ಷದ ಪುನರ್ವಸು ಹಿಂದಿನ ವರ್ಷದ್ದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು, ಆರಿದ್ರೆಯೂ ಹಾಗೇ, ಪುಷ್ಯವೂ ಹಾಗೇ. ಅಳಿಸಲೇ ಎಂದು ಆ ಹಳೆಯದು ಒಂದು ಮಾತು ಕೇಳಿರಲಿಲ್ಲ. ಉಳಿದದ್ದು ಕೊನೆಯ ವರ್ಷ ಮಾತ್ರ.

"ಇಷ್ಟೇನಾ?" ಅಂದರು ಭಾವ. "ಹದಿನಾರು ವರ್ಷ ಬರ್ದೆ ಅಂತಿದ್ದೆ."

"ಐತೆ ಭಾವ, ಒಳಗೈತೆ. ಹೆಸ್ರು ಒಂದೇ ಆಗೋಯ್ತು, ಅದಕ್ಕೆ."

"ಅಪ್ಪನ ಪುಸ್ತಕ ನೋಡು, ಒಂದು ಹಾಳೆ ಹೋಗಿಲ್ಲ." ಆ ಮಾತನ್ನು ಅವರು ಬಾಗಿಲಾಚೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಮ್ಮ ಮನೆಯವರಿಗೆ ಹೇಳಿದರು. ಇವರು "ಹೂಂ" ಅಂದರು.

ಅಸಲು ಫೈಲುಗಳು ಹಳೆಯದರ ಹೊಟ್ಟೆಯಲ್ಲಿ ಭದ್ರವಾಗಿದ್ದವು. ಹೋದದ್ದು ನಕಲು ಮಾತ್ರ. ಮಾರನೇ ದಿನ ಡಿ ಡ್ರೈವಿನಲ್ಲೂ ವರ್ಷಕ್ಕೊಂದು ಫೋಲ್ಡರ್ ಮಾಡಿ ಮೊದಲಿಂದ ನಕಲು ಮಾಡಿದೆ. ಈ ಸಲ ಎಲ್ಲವೂ ಬಂದವು. ಲ್ಯಾಪ್‌ಟಾಪಿನಲ್ಲಿ ತೆರೆದರೆ ದಿನ, ಇಂಚು, ಸೆಂಟ್ಸ್ ಸರಿಯಾಗಿ ನಿಂತಿದ್ದವು. ಷರಾದ ಜಾಗದಲ್ಲಿ ಮಾತ್ರ ಸೊನ್ನೆ, ಕೊಕ್ಕೆ, ತಲೆಕೆಳಗಾದ ಪ್ರಶ್ನೆಚಿಹ್ನೆ. ಒಂದು ಕನ್ನಡ ಅಕ್ಷರವಿಲ್ಲ.

"ಅಂಕಿ ಎಲ್ಲಾ ಕಾಲಕ್ಕೂ ಒಂದೇ ಕಣಕ್ಕ" ಅಂದರು ಅಂಗಡಿಯವರು. "ಆಗಿನ ಕನ್ನಡ ಪ್ರೋಗ್ರಾಮು ಅಕ್ಷರಕ್ಕೆ ತನ್ನದೇ ಒಂದು ಗುಟ್ಟಿನ ಲೆಕ್ಕ ಇಟ್ಕೊಂಡಿತ್ತು. ಅದ್ರ ಒಳಗೇ ಓದ್ಬೇಕು. ಹೊರಗೆ ತಂದ್ರೆ ಹಿಂಗೇ. ಮಾಡ್ದೋರೂ ಇಲ್ಲ, ಕೇಳೋಣ ಅಂದ್ರೆ." ಆಮೇಲೆ ಅಂದರು: "ಅಂಕಿ ಬಂದ್ವಲ್ಲ, ಷರಾ ಯಾರಿಗೆ ಬೇಕು?"

"ನನಗೆ ಬೇಕು."

"ಹಂಗಾದ್ರೆ ಕೈಯಲ್ಲೇ ಕುಟ್ಟಿ."

ಕುಟ್ಟಿದೆ. ಲ್ಯಾಪ್‌ಟಾಪಿನ ಎಡಕ್ಕೆ ಕಪ್ಪು ಕಿಟಕಿ, ಬಲಕ್ಕೆ ಬಿಳಿ ಹಾಳೆ. ತಿಂಡಿ ಪಾತ್ರೆ ತೊಳೆದಿಟ್ಟು ಅಡುಗೆ ಶುರುವಾಗುವವರೆಗೆ ದಿನಕ್ಕೆ ಆರೇಳು ನಕ್ಷತ್ರ. ಎರಡೂವರೆ ತಿಂಗಳು ಬೇಕಾಯಿತು, ಒಂದು ಪೂರಾ ವರ್ಷದ್ದನ್ನು ಉಳಿಸಿಡುವುದು ಮರೆತು ಎರಡು ಸಲ ಬರೆದದ್ದೂ ಸೇರಿ. ಹೂಮಳೆ ಬಂದು ಹೋಯಿತು, ಅದನ್ನೂ ಅಳೆದೆ. ಬರೆಯುತ್ತಾ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಎಷ್ಟೊಂದು ಕಡೆ ‘ಮಾವನಿಗೆ ಕೆಮ್ಮು’, ‘ಭಾವ ಬಂದಿದ್ದರು, ಕೋಳಿ ಸಾರು’. ನನ್ನ ಕಾಲು ಮುರಿದು ಕೋಲು ಹಿಡಿದು ಕಣಕ್ಕೆ ಹೋದ ತಿಂಗಳಿನಲ್ಲಿ ‘ನೆಲ ಜಾರುತ್ತದೆ’ ಎಂದಷ್ಟೇ ಬರೆದಿದ್ದೆ.

ಅವ್ವ ಹೋದ ವರ್ಷದ ಪುನರ್ವಸುವನ್ನೂ ಒಂದು ದಿನ ತೆರೆದೆ. ಮೂರನೇ ದಿನದಿಂದ ಹದಿಮೂರನೇ ದಿನದವರೆಗೆ ಹನ್ನೊಂದು ಅಡ್ಡಗೆರೆ. ‘ಅಳತೆ ಇಲ್ಲ. ಅವ್ವನ ಮನೆಯಲ್ಲಿದ್ದೆ.’ ನೆನಪು ಸುಳ್ಳಾಗಿರಲಿಲ್ಲ. ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಬಗ್ಗಿ ಓದಿ, "ಹೌದು, ಆವಾಗ ನಾನೇ ಬಸ್ಸಿಗೆ ಬುಟ್ಟಿದ್ದೆ" ಅಂದರು. ಇದನ್ನು ಅಣ್ಣನಿಗೆ ಹೇಳುತ್ತೀರಾ ಅಂದೆ. "ನೀನೇ ತೋರ್ಸು, ಓದಿದ್ರೆ ಗೊತ್ತಾಯ್ತದೆ" ಅಂದರು.

ಪೆನ್ ಡ್ರೈವಿಗೆ ಎಲ್ಲ ಹಾಕಿ, ಆ ಪುಟವೊಂದನ್ನು ಬೇರೆಯಾಗಿ ಅಚ್ಚು ಹಾಕಿಸಿ, ಪೇಟೆಗೆ ಹೋಗಿ ಭಾವನ ಕೈಯಲ್ಲೇ ಕೊಟ್ಟೆ. ಅವರು ಆ ಪುಟ ಪೂರ್ತಿ ಓದಿದರು. ಓದಲಿಲ್ಲ ಅಂತ ನಾನು ಹೇಳಲಾರೆ. ಹನ್ನೊಂದು ಗೆರೆಗಳ ಮೇಲೆ ಬೆರಳು ಇಳಿದದ್ದನ್ನು ಕಣ್ಣಾರೆ ನೋಡಿದೆ. "ಆಯ್ತಮ್ಮ, ನೋಡಾನ" ಅಂದರು. ಭಾವನ ಹೆಂಡತಿ ಒಳಗಿನಿಂದ ಕಾಫಿ ತಂದರು. ಬಸ್ಸಿನಲ್ಲಿ ಬರುವಾಗ ಒಂದು ಸಾಲು ಬಂದೇ ಬರುತ್ತದೆ ಅಂದುಕೊಂಡೆ.

ಪುಸ್ತಕ ಜೂನಿನಲ್ಲಿ ಬಂತು. ಸಂಘದ ಸಭೆಯಲ್ಲಿ ಬಿಡುಗಡೆ, ಹೂವಿನ ಹಾರ, ಮುಖಪುಟಕ್ಕೆ ಪೇಟ ಸುತ್ತಿದ ಮಾವನವರ ಫೋಟೋ. ಹೆಂಗಸರ ಸಾಲಿನಲ್ಲಿ ಕೂತು ಪುಟ ತಿರುವಿದೆ. ಮೊದಲ ಪುಟದ ಕೃತಜ್ಞತೆಯಲ್ಲಿ ಅಚ್ಚಿನವರಿದ್ದರು, ಊಟ ಹಾಕಿಸಿದವರಿದ್ದರು, ‘ಸಹಕರಿಸಿದ ಮನೆಯವರೆಲ್ಲರೂ’ ಇದ್ದರು. ಷರಾ ಅನ್ನುವ ಕಾಲಮ್ಮೇ ಇರಲಿಲ್ಲ. ಅದು ಹೋಗಿರಬಹುದೆಂದು ಒಳಗೊಳಗೇ ಗೊತ್ತಿತ್ತು. ನಾನು ಹುಡುಕಿದ್ದು ಆ ಪುನರ್ವಸುವನ್ನು. ಮೂರನೇ ದಿನ, ಎರಡು ಇಂಚು ಹತ್ತು ಸೆಂಟ್ಸ್. ನಾಲ್ಕನೇ ದಿನ, ಮೂರು ಇಂಚು ಐದು. ಹನ್ನೊಂದು ದಿನಕ್ಕೂ ಅಂಕಿ ಇತ್ತು. ಒಂದು ಸಾಲೂ ಖಾಲಿ ಇರಲಿಲ್ಲ.

ಊಟದ ಎಲೆಯ ಹತ್ತಿರ ಭಾವ ಸಿಕ್ಕರು.

"ಪುನರ್ವಸುದು ಆ ಅಂಕಿ ಎಲ್ಲಿಂದ ಬಂತು ಭಾವ?"

"ಯಾವ್ದು? ಓ, ಅದಾ. ಖಾಲಿ ಇತ್ತಲ್ಲ, ಪಕ್ಕದ ಎಸ್ಟೇಟಿನೋರ ಲೆಕ್ಕ ಇಸ್ಕೊಂಡು ತುಂಬ್ಸಿದ್ವಿ. ಎಲ್ಡು ದಿನದ್ದು ಅವ್ರಲ್ಲೂ ಇರ್ಲಿಲ್ಲ, ಅಂದಾಜಲ್ಲಿ ಹಾಕುದ್ವಿ. ಪುಸ್ತಕದಲ್ಲಿ ಖಾಲಿ ಬುಟ್ರೆ ಜನ ಏನಂತಾರೆ? ಅಪ್ಪ ಒಂದು ದಿನಾನೂ ತಪ್ಪಿಸ್ದೋರಲ್ಲ ಅಂತ ಮುನ್ನುಡೀಲಿ ಬರ್ಸಿದೀವಿ."

"ಆವಾಗ ನಾನಿರ್ಲಿಲ್ಲ ಭಾವ."

"ಅದೇ ಕಣಮ್ಮ. ನೀನಿರ್ಲಿಲ್ಲ ಅಂತ ಮಳೆ ನಿಂತಿತ್ತಾ?" ಪಕ್ಕದಲ್ಲಿದ್ದವರು ನಕ್ಕರು. ಭಾವನೂ ನಕ್ಕು, "ಪಾಯಸ ಹಾಕ್ರಪ್ಪ ಇಲ್ಲಿ" ಎಂದು ಬಡಿಸುವವರನ್ನು ಕರೆದರು.

ಮನೆಗೆ ಬಂದು ಯಾರ ಜೊತೆಗೂ ಜಗಳ ಮಾಡಲಿಲ್ಲ. ಮಾರನೇ ಬೆಳಿಗ್ಗೆ ಎಂಟೂವರೆಗೆ ಕಣಕ್ಕೆ ಹೋಗಲಿಲ್ಲ, ಅಷ್ಟೇ. ರೊಟ್ಟಿ ಬೇಯಿಸುತ್ತಾ ಕೂತೆ. ನಮ್ಮ ಮನೆಯವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಎಂಟೂವರೆ ಆದ ಕೂಡಲೇ ಕಾಲು ತಾನಾಗಿ ಏಳುತ್ತದೆ, ಈಗಲೂ. ಕೂರಿಸಿಕೊಳ್ಳುವುದೇ ಒಂದು ಕೆಲಸ.

ಬೆಳೆಗಾರರಿಗೆ ಫೋನಿನಲ್ಲಿ ಒಂದು ಗುಂಪಿದೆ. ದಿನಾ ಯಾರ ತೋಟಕ್ಕೆ ಎಷ್ಟು ಮಳೆ ಎಂದು ಹಾಕುತ್ತಾರೆ. ನಮ್ಮದನ್ನು ಹಾಕುವವರು ಭಾವ, ನನ್ನನ್ನು ಕೇಳಿಕೊಂಡು. ಎರಡು ದಿನ ನಾನಾಗಿ ಹೇಳದಿದ್ದಾಗ ಮೂರನೇ ದಿನ ಫೋನ್ ಬಂತು.

"ಎಷ್ಟಮ್ಮ ಇವತ್ತು?"

"ಅಳೆದಿಲ್ಲ ಭಾವ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗಿದೀನಿ."

"ಹೋಗ್ಲಿ, ಅಂದಾಜು ಎಷ್ಟಿರ್ಬೋದು ಹೇಳು."

"ಅಂದಾಜು ನೀವೇ ಹಾಕ್ಕೊಳಿ ಭಾವ."

ಫೋನ್ ಇಟ್ಟು ತಪ್ಪಲೆ ತೊಳೆಯಲು ಎದ್ದೆ. ಕಾಲು ಗಂಟೆ ಕಳೆದಿರಲಿಲ್ಲ, ಗುಂಪಿನಲ್ಲಿ ನಮ್ಮ ತೋಟದ ಹೆಸರಿನ ಮುಂದೆ ಒಂದು ಇಂಚು ನಲವತ್ತು ಸೆಂಟ್ಸ್ ಎಂದು ಬಿದ್ದಿತ್ತು. ಕೆಳಗೆ ನಾಲ್ಕು ಜನ ಕೈಮುಗಿದಿದ್ದರು.